ಮಾವನ ಮೇಲೆ ಸಿಟ್ಟು, ಅರಸನ ಮೇಲಲ್ಲ

ಗಲ್ಫಿನ ಅಲ್ ರೀಮ್ ದ್ವೀಪದ ನಮ್ಮ ಫ್ಲ್ಯಾಟಿನಲ್ಲಿ ಆ ವಾರಾಂತ್ಯ ಇಂಗ್ಲೆಂಡಿನ ಒಂಬತ್ತು ವರ್ಷದ ಅರಸನೊಬ್ಬ ಊಟದ ಮೇಜಿನಿಂದ ಏಳಲೇ ಇಲ್ಲ. ಬ್ರಿಟಿಷ್ ಸಿಲೆಬಸ್ಸಿನ ಶಾಲೆಗೆ ಹೋಗುತ್ತಿದ್ದ ಮಗಳಿಗೆ ಮುಂದೆ ಹಿಸ್ಟರಿ ಓದಬೇಕೆಂಬ ಹಟ. ಆ ಕ್ಲಾಸಿಗೆ ಸೇರಿಸಿಕೊಳ್ಳುವ ಮೊದಲು ಟೀಚರು ಒಂದು ಪ್ರಬಂಧ ಬರೆಸಿದ್ದರು: ಬಾಲಕನೊಬ್ಬ ಪಟ್ಟದಲ್ಲಿದ್ದಾಗ ಇಂಗ್ಲೆಂಡಿನ ಟ್ಯೂಡರ್ ವಂಶದ ಅರಸೊತ್ತಿಗೆ ಎಷ್ಟು ಭದ್ರವಾಗಿತ್ತು? ಅವಳು ಬರೆದದ್ದು ಹಿಂದಕ್ಕೆ ಬಂದಿತ್ತು. ಕಥೆ ಹೇಳಿದ್ದೀ, ಉತ್ತರ ಕೊಟ್ಟಿಲ್ಲ, ಭಾನುವಾರ ಇನ್ನೊಮ್ಮೆ ತಾ ಎಂದಿದ್ದರಂತೆ. ಇಲ್ಲಿ ಆಗ ರಜೆ ಶುಕ್ರವಾರ, ಶನಿವಾರ. ಮುಸಫ್ಫಾ ಕೈಗಾರಿಕಾ ಪ್ರದೇಶದ ಕೆಲಸದಿಂದ ಬಂದ ನನ್ನ ಗಂಡ ಬೂಟು ಬಿಚ್ಚುತ್ತಲೇ ತೀರ್ಮಾನ ಹೇಳಿದರು. ಈ ಸಲ ಟೀಚರು ಒಪ್ಪಿದರೆ ಅವಳಿಷ್ಟ. ಇಲ್ಲವಾದರೆ, "ಹಿಸ್ಟರಿ ಖಲಾಸ್. ಕೆಮಿಸ್ಟ್ರಿ."

ನಾನು ಅವಳ ಪುಸ್ತಕವನ್ನು ಅಡುಗೆಮನೆಗೆ ಒಯ್ದು, ಅಕ್ಕಿಡಬ್ಬಕ್ಕೆ ಒರಗಿಸಿಟ್ಟು, ಸಿಗಡಿ ಸುಲಿಯುತ್ತ ಓದಿದೆ. ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಈ ಹುಡುಗ ಅರಸನನ್ನು ಒಂದೇ ಮಾತಿನಲ್ಲಿ ದಾಟಿಸಿದ್ದರು: ಪಾಪದ ಮಗು, ಕೆಟ್ಟ ಮಂತ್ರಿಗಳು. ಪುಸ್ತಕದಲ್ಲಿ ಹೆಚ್ಚಿಗೆ ಇತ್ತು. ಅವನ ಹೆಸರಿನಲ್ಲಿ ಸೋದರಮಾವ ಆಳಿದ. ಸಂತರ ಪ್ರತಿಮೆಗಳನ್ನು ತೆಗೆಸಿದ, ಇಗರ್ಜಿಯ ಗೋಡೆಯ ಚಿತ್ರಗಳಿಗೆ ಸುಣ್ಣ ಬಳಿಸಿದ, ಲ್ಯಾಟಿನ್ ಪೂಜೆ ನಿಲ್ಲಿಸಿ ಇಂಗ್ಲಿಷ್ ಪ್ರಾರ್ಥನೆ ತಂದ. ಪಶ್ಚಿಮದ ಹಳ್ಳಿಯವರು ದಂಗೆಯೆದ್ದರು. ಅವರಲ್ಲಿ ಕೆಲವರಿಗೆ ಇಂಗ್ಲಿಷೇ ಬರುತ್ತಿರಲಿಲ್ಲ. ಸಾವಿರಾರು ಜನ ಸತ್ತರು. ಮಗಳನ್ನು ಕರೆದೆ. ಭದ್ರ ಇರಲಿಲ್ಲವೆಂದೇ ಬರೆ ಎಂದೆ.

"ಮಮ್ಮಾ, ಅದು ನಿನ್ನ ಸಿಸ್ಟರ್ ಕೊಡೋ ಆನ್ಸರ್," ಎಂದಳು.

ಶುಕ್ರವಾರ ಚರ್ಚಿಗೆ, ಕೊಂಕಣಿ ಪೂಜೆಗೆ ಹೋದೆವು. ಸಂಜೆಯ ಪೂಜೆಯನ್ನು ನಮ್ಮ ಕೊಂಕಣಿ ಸಮಿತಿಯ ಅಧ್ಯಕ್ಷರು ಮಧ್ಯಾಹ್ನಕ್ಕೆ ತಂದಿದ್ದರು. ಪೂಜೆ ಮುಗಿದ ಮೇಲೆ ಪಾರ್ಕಿಂಗಿನಲ್ಲಿ ಹೆಂಗಸರ ಗುಂಪು. ದೂರದ ಮದೀನತ್ ಜಾಯೆದ್‌ನಿಂದ ಬಿಸಿಲಲ್ಲಿ ಬಸ್ಸು ಹಿಡಿದು ಬಂದಿದ್ದ ನರ್ಸ್ ಒಬ್ಬರ ಕೋಪ ಎಲ್ಲರಿಗಿಂತ ಜೋರು.

"ಆ ಅಧ್ಯಕ್ಷನಿಗೆ ಎಂತ, ಚರ್ಚಿನ ಬೆನ್ನಿಗೇ ಮನೆ. ಮುಖ ತೊಳೆದು ಬಂದ್ರಾಯ್ತು. ಅವನನ್ನು ಇಳಿಸದೆ ನಾನು ಬಿಡ್ಲಿಕ್ಕಿಲ್ಲ."

ಬರುವ ವಾರ ಪೂಜೆಗೆ ಬರುತ್ತೀರಾ ಎಂದು ಮಗಳು ಕೇಳಿದಳು.

"ಬಾರದೆ? ಪೂಜೆ ಎಂತ ಅವನಪ್ಪಂದಾ?"

ಕಾರಿನಲ್ಲಿ ಮಗಳು, ದಂಗೆಯೆದ್ದವರಲ್ಲಿ ಯಾರಾದರೂ ಹುಡುಗನನ್ನು ಇಳಿಸಿ ಎಂದಿದ್ದರಾ ಎಂದು ಕೇಳಿದಳು. ಓದಿದ್ದನ್ನು ನೆನೆಸಿಕೊಂಡೆ. ಇಲ್ಲ. ಅರಸನಿಗೆ ಕೈಮುಗಿದೇ ಬೇಡಿಕೆ ಬರೆದಿದ್ದರು. ಸಿಟ್ಟು ಇದ್ದದ್ದು ಮಾವನ ಮೇಲೆ. ಮಾವ ಬಿದ್ದ, ಇನ್ನೊಬ್ಬ ದೊಡ್ಡಮನುಷ್ಯ ಬಂದ. ಆಳುವವರು ಬದಲಾದರು, ಹುಡುಗ ಕೂತಲ್ಲೇ ಇದ್ದ. ಅಧ್ಯಕ್ಷರ ಮೇಲೆ ಸಿಟ್ಟಾದರೂ ಆ ನರ್ಸ್ ಪೂಜೆ ಬಿಡದ ಹಾಗೆ, ಹಾಗಾದರೆ ಅರಸೊತ್ತಿಗೆ ಭದ್ರವೇ ಇತ್ತು ಎಂದಳು ಮಗಳು.

ನನಗೆ ಇದು ಸುಲಭಕ್ಕೆ ಗಂಟಲಿಳಿಯಲಿಲ್ಲ. ಆದರೆ ಅವಳು ಹೇಳುವುದೇ ಸರಿಯಾದರೆ ಅದಕ್ಕೆ ಗಟ್ಟಿ ಸಾಕ್ಷಿ ನನ್ನ ಹತ್ತಿರ ಇತ್ತು. ಹದಿನೈದಕ್ಕೆ ಹುಡುಗ ತೀರಿಕೊಂಡಾಗ ಆ ದೊಡ್ಡಮನುಷ್ಯ ತನ್ನ ಸೊಸೆಯನ್ನು ಪಟ್ಟಕ್ಕೇರಿಸಿದ. ಜನ ಹೋದದ್ದು ಹುಡುಗನ ಅಕ್ಕನ ಹಿಂದೆ. ಅವಳು ನಮ್ಮ ಕಥೋಲಿಕ ಧರ್ಮದವಳೆಂದು ಸಿಸ್ಟರ್ ಈ ಭಾಗವನ್ನು ಖುಷಿಯಿಂದ ಹೇಳುತ್ತಿದ್ದರು. ಅವಳ ಪಕ್ಷಕ್ಕೆ ಹೊಸ ಧರ್ಮದ ಪ್ರೊಟೆಸ್ಟೆಂಟರೂ ಬಂದಿದ್ದರು, ಯಾಕೆಂದರೆ ಅವಳು ಹುಡುಗನ ಅಪ್ಪನಾದ ಹಳೆಯ ಅರಸನ ಮಗಳು. ಮಗಳು ನನ್ನ ಮಾತು ನಂಬದೆ ಪುಟ ತಿರುವಿ ನೋಡಿ, ಆಮೇಲೆ ಬರೆದುಕೊಂಡಳು.

ಸತ್ತವರ ಬಗ್ಗೆಯೂ ಬರೆ ಎಂದೆ. ಪ್ರಶ್ನೆ ಅದಲ್ಲ ಎಂದಳು.

"ಅಲ್ಲದಿದ್ರೂ ಬರೆ. ಭದ್ರ ಇತ್ತು ಅಂತ ಹೇಳುವಾಗ ಯಾರನ್ನು ತುಳಿದು ಭದ್ರ ಆಯ್ತು ಅಂತಲೂ ಹೇಳ್ಬೇಕು."

ಮುಖ ಉಬ್ಬಿಸಿಕೊಂಡೇ ಒಂದು ವಾಕ್ಯ ಸೇರಿಸಿದಳು.

ಮಂಗಳವಾರ ಟೀಚರು ಒಪ್ಪಿದ ಸುದ್ದಿ ತಂದಳು. ರಾತ್ರಿ ಊಟಕ್ಕೆ ಕೂತಾಗ ಗಂಡ ಸಂತೋಷಪಟ್ಟರು. ಹಿಸ್ಟರಿ ಇರಲಿ, ಜೊತೆಗೆ ಕೆಮಿಸ್ಟ್ರಿಯನ್ನೂ ತೆಗೆದುಕೊಳ್ಳಲಿ ಎಂದರು. ಮಗಳು ನನ್ನನ್ನು ನೋಡಿದಳು. ಅವರ ಮಾತಿಗೆ ನಾನು ಅಡ್ಡ ಹೇಳುವುದು ಕಡಿಮೆ. ಸೌಟು ಕೆಳಗಿಟ್ಟು ಕುರ್ಚಿ ಎಳೆದು ಕೂತೆ.

"ಇಲ್ಲ ಮಾರಾಯ್ರೆ. ಅವಳಿಷ್ಟ ಅಂದದ್ದು ನೀವೇ. ಅವಳೇ ಹೇಳ್ಲಿ."

ಮಗಳು ತನಗೆ ಬೇಕಾದ ವಿಷಯಗಳನ್ನು ಒಂದೊಂದಾಗಿ ಹೇಳಿದಳು. ಕೆಮಿಸ್ಟ್ರಿ ಇರಲಿಲ್ಲ. ಗಂಡ ಬಹಳ ಹೊತ್ತು ಮೀನಿನ ಮುಳ್ಳು ಬಿಡಿಸಿದರು.

"ಫಿಸಿಕ್ಸ್?" ಎಂದರು.

ಅವಳು ಇಲ್ಲವೆಂದು ತಲೆಯಲ್ಲಾಡಿಸಿದಳು. ಅವರು ತಟ್ಟೆಯನ್ನು ನನ್ನ ಕಡೆ ಸರಿಸಿ, ಆಯ್ತು, ಅನ್ನ ಹಾಕು ಎಂದರು.