ಕಂಡಕ್ಟರ್ ಗಿರಿಜವ್ವ ಮಹಡಿಗೆ ವೈಫೈ ಹತ್ತಿಸಿದ್ದು

ಗಿರಿಜವ್ವನ ಗಂಟಲಿನ ವಿಷಯ ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಎಲ್ಲ ರಗಳೆ ಶುರುವಾದದ್ದು ಅಲ್ಲಿಂದಲೇ. ಇಪ್ಪತ್ತಾರು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು ಅವರು. ಶಿರಸಿಯಿಂದ ಬನವಾಸಿ, ಶಿರಸಿಯಿಂದ ಸಿದ್ದಾಪುರ, ಶಿರಸಿಯಿಂದ ಯಲ್ಲಾಪುರ, ಈ ಮೂರು ರಸ್ತೆಗಳ ಒಂದೊಂದು ಗುಂಡಿಯೂ ಅವರ ಸೊಂಟಕ್ಕೆ ಗೊತ್ತು. ಮುಂದಿನ ಬಾಗಿಲಲ್ಲಿ ನಿಂತು "ಒಳಗ ಸರೀರಿ" ಎಂದರೆ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದವರೂ ಎದ್ದು ಸರಿಯುತ್ತಿದ್ದರು. ನಿವೃತ್ತಿಯ ದಿನ ಟಿಕೆಟ್ ಮಷಿನ್ನು, ಚೀಲ, ಸೀಟಿ ಎಲ್ಲವನ್ನೂ ವಾಪಸು ಕೊಟ್ಟು ಬಂದರು. ಗಂಟಲನ್ನು ವಾಪಸು ತೆಗೆದುಕೊಳ್ಳುವ ಪದ್ಧತಿ ಇಲಾಖೆಯಲ್ಲಿ ಇರಲಿಲ್ಲ.

ಅವರ ಮಗ ಶರಣ ಯಲ್ಲಾಪುರದ ಕಡೆ ಫಾರೆಸ್ಟ್ ಗಾರ್ಡು, ವಾರಕ್ಕೊಮ್ಮೆ ಬರುತ್ತಾನೆ. ಶಿರಸಿಯ ಮನೆಯಲ್ಲಿ ಇರುವವರು ಅತ್ತೆ ಗಿರಿಜವ್ವ ಮತ್ತು ಸೊಸೆ ಜ್ಯೋತಿ, ಇಬ್ಬರೇ. ಇಬ್ಬರಿಗೂ ಒಂದೇ ರೋಗ, ನಗು ಹತ್ತಿದರೆ ಇಳಿಯುವುದಿಲ್ಲ. ರೊಟ್ಟಿ ಬಡಿಯುವಾಗ ಯಾವುದೋ ಮಾತಿಗೆ ಶುರುವಾದ ನಗು ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದರೂ ಮುಗಿಯುತ್ತಿರಲಿಲ್ಲ. ಜ್ಯೋತಿ ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ಕಂಡ ಓಣಿಯವರು, ಅತ್ತೆ ಸೊಸೆ ಇಷ್ಟು ಚೆನ್ನಾಗಿರುವುದು ಸಂಶಯಾಸ್ಪದ ಎಂದು ಮಾತಾಡಿಕೊಂಡದ್ದೂ ಉಂಟು.

ಜ್ಯೋತಿಯದು ಮನೆಯಿಂದಲೇ ಮಾಡುವ ಕೆಲಸ. ಮಿಕ್ಸರ್ ಕೆಟ್ಟವರು, ಗ್ರೈಂಡರ್ ತಿರುಗದವರು ಫೋನು ಮಾಡಿದರೆ ಕನ್ನಡದಲ್ಲಿ ಸಮಾಧಾನ ಹೇಳಿ ರಿಪೇರಿಯವರನ್ನು ಕಳಿಸುವ ಸಹಾಯವಾಣಿ. ಹಜಾರದಲ್ಲಿ ಕೂತು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಅವಳು ಮೆಲ್ಲಗೆ ಮಾತಾಡುತ್ತಿದ್ದರೆ, ಅಂಗಳದಲ್ಲಿ ಗಿರಿಜವ್ವ ಸೊಪ್ಪಿನವಳನ್ನು ಕರೆಯುತ್ತಿದ್ದರು. ಒಂದು ದಿನ ಗಿರಾಕಿಯೊಬ್ಬ ಮಿಕ್ಸರಿನ ಗೋಳು ಅರ್ಧಕ್ಕೇ ನಿಲ್ಲಿಸಿ, "ಮೇಡಂ, ನೀವು ಬಸ್ಸಲ್ಲಿ ಕೂತು ಮಾತಾಡ್ತಿದೀರಾ?" ಎಂದು ಕೇಳಿದ. ಅತ್ತೆ ಸೊಸೆ ಎರಡು ದಿನ ಅದನ್ನೇ ಹೇಳಿಕೊಂಡು ನಕ್ಕರು. ಮೂರನೆಯ ದಿನ ಕಂಪನಿಯಿಂದ ಪತ್ರ ಬಂತು. ಸೋಮವಾರ ಮಧ್ಯಾಹ್ನ ಮೂರಕ್ಕೆ ಮೇಲಧಿಕಾರಿ ಇಪ್ಪತ್ತು ನಿಮಿಷ ಮಾತಾಡಿ ಪರೀಕ್ಷೆ ಮಾಡುತ್ತಾರೆ. ಆ ಹೊತ್ತಿನಲ್ಲಿ ನೆಟ್ಟು ಕಡಿಯಬಾರದು, ಬೇರೆ ಸದ್ದು ಕೇಳಬಾರದು. ತಪ್ಪಿದರೆ ಜ್ಯೋತಿ ಹುಬ್ಬಳ್ಳಿಗೆ ಹೋಗಿ, ರೂಮು ಮಾಡಿ, ಆಫೀಸಿನಲ್ಲಿ ಕೂತು ಕೆಲಸ ಮಾಡಬೇಕು.

ಗಿರಿಜವ್ವ ಒಂದು ದಿನ ಪಿಸುಮಾತಿನಲ್ಲಿ ಬದುಕಿ ನೋಡಿದರು. ಸಂಜೆಯ ಹೊತ್ತಿಗೆ ಬಿಕ್ಕಳಿಕೆ ಹತ್ತಿ, ಅದು ಅವರ ಮಾತಿಗಿಂತ ಜೋರಾಯಿತು. ಉಳಿದದ್ದು ಮಹಡಿಯ ಕೋಣೆ. ಅಲ್ಲಿಗೆ ಸದ್ದು ಕೇಳುವುದಿಲ್ಲ ನಿಜ, ಆದರೆ ನಡುವಿನ ಆರ್‌ಸಿಸಿ ದಾಟಿ ವೈಫೈ ಕೂಡ ಹೋಗುವುದಿಲ್ಲ. ಮೊಬೈಲಿನ ನೆಟ್ಟು ಒಂದೇ ಕಡ್ಡಿ. ಲ್ಯಾಪ್‌ಟಾಪಿಗೆ ನೇರ ಕೇಬಲ್ ಚುಚ್ಚೋಣವೆಂದರೆ ಅದಕ್ಕೆ ಅಂಥ ತೂತೇ ಇಲ್ಲ.

"ನೀ ಹುಬ್ಬಳ್ಳಿಗೆ ಹೋಗಾಂಗಿಲ್ಲ," ಎಂದರು ಗಿರಿಜವ್ವ. "ಇಪ್ಪತ್ತಾರು ವರ್ಷ ಬಸ್ಸಿಗೆ ಮಂದಿ ಹತ್ತಿಸೀನಿ. ಈ ವೈಫೈನ ಮ್ಯಾಲ ಹತ್ತಸಾಕ ಆಗೂದಿಲ್ಲೇನು?"

ಸೋಮವಾರ ಬೆಳಿಗ್ಗೆ ಹತ್ತಕ್ಕೆ ನೆಟ್ಟಿನ ನಂದನನಿಗೆ ಫೋನು ಹೋಯಿತು. ಹುಲೇಕಲ್ ಕಡೆಯ ಹುಡುಗ, ಓಣಿಗೆಲ್ಲ ಇಂಟರ್ನೆಟ್ ಎಳೆದವನು. ಆ ಹೊತ್ತಿಗೆ ಸಿದ್ದಾಪುರ ರಸ್ತೆಯಲ್ಲಿ ಮರ ಬಿದ್ದು ಹರಿದ ಲೈನು ಜೋಡಿಸುತ್ತ ಕಂಬದ ಮೇಲಿದ್ದ.

"ನಿಮ್ಮನೆ ಅಟ್ಟದಲ್ಲಿ ಹಳೇ ರೂಟರ್ ಇದ್ದಲಾ ಗಿರಿಜಕ್ಕ, ಅದನ್ನೇ ಮೇಲೆ ಇಡಿ. ಕೆಳಗಿನ ರೂಟರಿಂದ ಅದಕ್ಕೊಂದು ಕೇಬಲ್ ಎಳೀರಿ. ಬೇರೆ ಬಣ್ಣದ ತೂತು ಒಂದಿರ್ತು, ಅದೊಂದು ಬೇಡ. ಉಳಿದ ನಾಲ್ಕರಲ್ಲಿ ಯಾವುದಾದ್ರೂ ಅಡ್ಡಿಲ್ಲೆ," ಎಂದು ಫೋನು ಇಟ್ಟ.

ಇಬ್ಬರೂ ಹಾಗೆಯೇ ಮಾಡಿದರು. ಮಹಡಿಯ ಡಬ್ಬಿಯಲ್ಲಿ ಹಸಿರು ದೀಪ ಮಿಟುಕಿತು, ಲ್ಯಾಪ್‌ಟಾಪಿಗೆ ನೆಟ್ಟು ಬಂತು. ಗಿರಿಜವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡು ಹೆಜ್ಜೆ ಕುಣಿದೇಬಿಟ್ಟರು. ಅವರ ಕುಣಿತ ಮುಗಿಯುವ ಮೊದಲೇ ನೆಟ್ಟು ಹೋಯಿತು. ಕೆಳಗೆ ಇಳಿದು ನೋಡಿದರೆ ಟಿವಿಯಲ್ಲೂ ಇಲ್ಲ, ಗಿರಿಜವ್ವನ ಮೊಬೈಲಿನಲ್ಲೂ ಇಲ್ಲ. ಸಿಗ್ನಲಿನ ಚಿಹ್ನೆ ಮಾತ್ರ ಎಲ್ಲದರಲ್ಲೂ ತುಂಬಿಕೊಂಡು ಕೂತಿತ್ತು.

ಹನ್ನೆರಡರ ಸುಮಾರಿಗೆ ನಂದನ ಮತ್ತೆ ಸಿಕ್ಕ. "ಹೌದು, ಮರೆತೆ. ಮನೆಗೆ ಬಂದ ಒಂದೊಂದು ಫೋನಿಗೂ ರೂಟರು ಒಂದು ನಂಬರ್ ಕೊಡ್ತು. ಈಗ ಎರಡೂ ಡಬ್ಬಿ ನಂಬರ್ ಹಂಚ್ತಾ ಇದ್ದು. ಸೆಟ್ಟಿಂಗ್ ಒಳಗೆ ಡಿಎಚ್‌ಸಿಪಿ ಹೇಳಿ ಬರೆದಿರ್ತು, ಮೇಲಿನ ಡಬ್ಬಿಯದ್ದು ಬಂದ್ ಮಾಡಿ." ಅಷ್ಟು ಹೇಳುವಷ್ಟರಲ್ಲಿ ಲೈನು ಕಡಿಯಿತು. ಆಮೇಲೆ ಎಷ್ಟು ಫೋನು ಹಚ್ಚಿದರೂ ಅವನು ವ್ಯಾಪ್ತಿ ಪ್ರದೇಶದ ಹೊರಗೇ ಇದ್ದ.

ಜ್ಯೋತಿ ಮೇಲಿನ ಡಬ್ಬಿಯ ಬೆನ್ನಿನ ಚೀಟಿ ನೋಡಿ, ಅದರಲ್ಲಿದ್ದ ಉದ್ದನೆಯ ನಂಬರನ್ನು ಲ್ಯಾಪ್‌ಟಾಪಿನಲ್ಲಿ ಒತ್ತಿ, ಸೆಟ್ಟಿಂಗ್ ತೆಗೆದು, ನಂಬರ್ ಹಂಚುವುದನ್ನು ಬಂದ್ ಮಾಡಿದಳು. ಪರಿಸ್ಥಿತಿ ಇನ್ನೂ ಹದಗೆಟ್ಟಿತು. ಕೆಳಗಿನ ಟಿವಿಯನ್ನು ಆರಿಸಿ ಹಚ್ಚಿದರೆ ಅದು ಈಗ ರೂಟರನ್ನೇ ಗುರುತಿಸಲೊಲ್ಲದು. ಹದಿನಾಲ್ಕು ಮೆಟ್ಟಿಲು ಹತ್ತಿ ಇಳಿದು ಗಿರಿಜವ್ವನ ಮೊಣಕಾಲು ಕಟಕಟ ಅನ್ನುತ್ತಿತ್ತು. ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಜ್ಯೋತಿ ಮೆಟ್ಟಿಲ ಮೇಲೆ ಕುಸಿದು, "ಬಿಡ್ರಿ ಅತ್ತಿ. ಚೀಲಾ ತುಂಬೂದು ಚಲೋ," ಎಂದಳು. ಅವಳು ನಗದೆ ಹೇಳಿದ ಮೊದಲ ಮಾತು ಅದು.

ಗಿರಿಜವ್ವ ಪಕ್ಕದಲ್ಲಿ ಕೂತು ನಂದನ ಹೇಳಿದ್ದನ್ನೇ ಬಾಯಲ್ಲಿ ಮೆಲುಕು ಹಾಕಿದರು. ಇಬ್ಬರು ನಂಬರ್ ಹಂಚುತ್ತಿದ್ದಾರೆ. ಇಬ್ಬರು. ಹಠಾತ್ತನೆ ಅವರಿಗೆ ನಗು ಒತ್ತಿ ಬಂತು.

"ಯವ್ವಾ, ಇದು ಗುಡ್ನಾಪುರದ ದಿಬ್ಬಣದ ಬಸ್ಸು," ಎಂದರು. "ಯಲ್ಲಾಪುರಕ್ಕ ಮದವಿ ದಿಬ್ಬಣ. ಮುಂದಿನ ಬಾಗಲದಾಗ ನಿಂತು ನಾ ಸೀಟ್ ನಂಬರ್ ಕೊಡಾಕತ್ತೀನಿ. ಹಿಂದಿನ ಬಾಗಲದಾಗ ಮದುಮಗನ ಸೋದರಮಾವ ಚನ್ನಬಸವಪ್ಪ ಚೀಟಿ ಬರದು ಅವನೂ ಕೊಡಾಕತ್ತಾನ. ಅಂವಂದೂ ಒಂದರಿಂದ, ನಂದೂ ಒಂದರಿಂದ. ಒಂದೊಂದು ಸೀಟಿಗೆ ಇಬ್ಬಿಬ್ಬರು. ತಾಸೊತ್ತು ಬಸ್ಸು ಅಲ್ಲಾಡಲಿಲ್ಲ."

"ಆಮ್ಯಾಲೇನ್ ಮಾಡಿದ್ರಿ?"

"ಮೊದಲ ಚನ್ನಬಸವಪ್ಪನ್ನ ಕೆಳಗ ಇಳಿಸಿದೆ. ಅವನೊಬ್ಬನ್ನ ರಸ್ತೆ ಬದಿಗೆ ಕರಕೊಂಡು ಹೋಗಿ, ಚೀಟಿ ಕಸಗೊಂಡು, 'ನೀವು ಹಿಂದಿನ ಬಾಗಲದಾಗ ಮಂದೀನ ಬರೇ ಹತ್ತಿಸಿ ಕಳಸ್ರಿ, ನಂಬರ್ ನಾ ಕೊಡ್ತೀನಿ' ಅಂದೆ. ಆ ಡಬ್ಬೀನೂ ಹಿಂದಿನ ಬಾಗಲಾ ಆಗಬೇಕು, ಅಷ್ಟ."

ಜ್ಯೋತಿ ಎದ್ದು ಕೂತಳು. ಇಬ್ಬರದೂ ಒಂದರಿಂದ ಎಂದದ್ದಕ್ಕೆ ಏನೋ ಹೊಳೆದು, ಓಡಿ ಹೋಗಿ ಎರಡೂ ಡಬ್ಬಿಗಳ ಬೆನ್ನು ತಿರುಗಿಸಿ ನೋಡಿದಳು. ಚೀಟಿಯಲ್ಲಿದ್ದ ನಂಬರ್ ಎರಡರದ್ದೂ ಒಂದೇ. ತಾನು ಮೇಲಿನದನ್ನು ಕರೆದಾಗ ಓಗೊಟ್ಟದ್ದು ಕೆಳಗಿನದು, ಪಾಪ, ಬಂದ್ ಆದದ್ದೂ ಅದೇ.

ಕೂಡಲೇ ಕೇಬಲ್ ಕಿತ್ತು, ಲ್ಯಾಪ್‌ಟಾಪನ್ನು ಕೆಳಗೆ ತಂದರು. ಲ್ಯಾಪ್‌ಟಾಪಿನ ಹಳೆಯ ನಂಬರ್ ಅದರ ಕೈಯಲ್ಲೇ ಉಳಿದಿದ್ದರಿಂದ ಜ್ಯೋತಿ ಕೆಳಗಿನ ಡಬ್ಬಿಯೊಳಗೆ ಹೋಗಿ, ಬಂದ್ ಮಾಡಿದ್ದನ್ನು ಮತ್ತೆ ಚಾಲೂ ಮಾಡಿದಳು. ಆಮೇಲೆ ಮಹಡಿ ಹತ್ತಿ, ಒಂಟಿಯಾಗಿದ್ದ ಡಬ್ಬಿಯ ಜೊತೆ ಮಾತಿಗೆ ಕೂತಳು.

"ಇದರ ನಂಬರಿನ ಕಡೀ ಅಂಕಿ ಬ್ಯಾರೆ ಇಡಬೇಕಲ್ರಿ, ಎಷ್ಟು ಇಡೂಣು?"

"ಕೆಳಗಿಂದು ಎಲ್ಲೀತನಕ ಹಂಚತೈತಿ?"

"ಎರಡನೂರರ ತನಕ ಅಂತ ಐತಿ."

"ಹಂಗಾರ ಎರಡನೂರಾ ಐವತ್ತು ಇಡು. ಕಂಡಕ್ಟರ್ ಸೀಟು ಯಾವತ್ತೂ ಚಾರ್ಟಿನ್ಯಾಗ ಇರಬಾರದು, ಯಾರರ ಬಂದು ಕುಂದರತಾರ."

ನಂಬರ್ ಬದಲಾಯಿತು, ಹಂಚುವುದು ಬಂದ್ ಆಯಿತು, ಡಬ್ಬಿ ಆರಿ ಹತ್ತಿತು, ಕೇಬಲ್ ಮತ್ತೆ ಕೂತಿತು. ಲ್ಯಾಪ್‌ಟಾಪಿನಲ್ಲಿ ನೆಟ್ಟಿಲ್ಲ. ಗಡಿಯಾರ ಎರಡು ನಲವತ್ತೆಂಟು. "ಅದು ಹಳೇ ಟಿಕೆಟ್ ಹಿಡಕೊಂಡು ನಿಂತೈತಿ, ಇಳಿಸಿ ಹತ್ತಸು," ಎಂದರು ಗಿರಿಜವ್ವ. ಜ್ಯೋತಿ ವೈಫೈ ಆರಿಸಿ ಹಚ್ಚಿದಳು, ನೆಟ್ಟು ಬಂತು. ಅವರ ಕುಣಿಯುವ ಆಸೆಯನ್ನು ಜ್ಯೋತಿ ಕೈಸನ್ನೆಯಲ್ಲೇ ತಡೆದು, ಮೆಟ್ಟಿಲು ಇಳಿಸಿ, ಬಾಗಿಲು ಹಾಕಿಕೊಂಡಳು.

ಗಿರಿಜವ್ವ ಕೊನೆಯ ಮೆಟ್ಟಿಲ ಮೇಲೆ ಕೂತು ಸೆರಗನ್ನು ಬಾಯಿಗೆ ತುರುಕಿಕೊಂಡರು. ಐದು ನಿಮಿಷವಾಯಿತು, ಹತ್ತಾಯಿತು. ಬಾಗಿಲಲ್ಲಿ ನಂದನನ ಬೈಕು ನಿಂತಿತು. ಅರ್ಧಕ್ಕೆ ಕಡಿದ ಮಾತು ಕಾಡಿ ಕಂಬ ಇಳಿದು ಬಂದಿದ್ದ. "ಎಂತ ಆತು ಗಿರಿ..." ಎನ್ನುವಷ್ಟರಲ್ಲಿ ಗಿರಿಜವ್ವ ಅವನ ಬಾಯಿಯನ್ನು ಅಂಗೈಯಿಂದ ಮುಚ್ಚಿ, ರಟ್ಟೆ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. ಅವನು ಕಣ್ಣರಳಿಸಿ ಕೂತೇ ಇದ್ದ.

ಮಹಡಿಯ ಬಾಗಿಲು ತೆರೆಯಿತು. ಜ್ಯೋತಿಯ ಮುಖದಲ್ಲಿ ಏನೂ ಕಾಣಲಿಲ್ಲ. ಗಿರಿಜವ್ವ ಕೈಯಲ್ಲೇ ಏನಾಯಿತೆಂದು ಕೇಳಿದರು.

"ಇಲ್ಲಿಂದನ ಮಾಡ್ರಿ ಅಂದ್ರು ಅತ್ತಿ. ಹುಬ್ಬಳ್ಳಿ ಬ್ಯಾಡಂತ."

ನಗಬೇಕೆಂದು ಬಾಯಿ ತೆರೆದ ಗಿರಿಜವ್ವನಿಗೆ ಅಳು ಬಂತು. ಅತ್ತದ್ದು ಯಾವಾಗಲೋ ನೆನಪಿರದ ಹೆಂಗಸು, ಬಿಕ್ಕಿ ಬಿಕ್ಕಿ ಅತ್ತರು. "ನೀ ಹೋಗಿದ್ದರ ಈ ಮನ್ಯಾಗ ನಾ ಯಾರ ಕೂಡ ನಗಬೇಕಾಗಿತ್ತು?" ಎಂದರು.

ಜ್ಯೋತಿ ಇಳಿದು ಬಂದು ನಂದನನ ಆಚೆ ಬದಿಗೆ ಕೂತಳು. "ನಂದೂ ಅದ ಚಿಂತಿ ಇತ್ತು. ಅಲ್ಲಿ ರೂಮಿನ್ಯಾಗ ನಾ ಒಬ್ಬಾಕಿನ ನಕ್ಕರ ಹುಚ್ಚಿ ಅಂತಾರ," ಎಂದಳು.

ಒಂದು ಗಳಿಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಗು ಮೊದಲು ಯಾರು ಶುರು ಮಾಡಿದರೋ ಗೊತ್ತಿಲ್ಲ. ನಡುವೆ ಸಿಕ್ಕಿಕೊಂಡ ನಂದನನಿಗೆ ಎದ್ದು ಹೋಗಲು ದಾರಿಯಿರಲಿಲ್ಲ, ಕೊನೆಗೆ ಅವನೂ ನಕ್ಕ.