ತಾರಸಿಯ ಮೇಲಿನ ಚಪ್ಪರ

ಕೆಸರೆಯ ಬಸ್ಸು ಹೋಗುವ ರಸ್ತೆಯಲ್ಲಿ ಹಪ್ಪಳದ ದಾಕ್ಷಾಯಣಮ್ಮನ ಮನೆ ಎಲ್ಲಿ ಅಂತ ಕೇಳಿದರೆ ಜನ ಕೈ ತೋರಿಸುತ್ತಿರಲಿಲ್ಲ, ತಲೆಯೆತ್ತಿ ತೋರಿಸುತ್ತಿದ್ದರು. ಬೇಸಿಗೆಯಲ್ಲಿ ತಾರಸಿಯ ಮೇಲೆ ತೆಂಗಿನ ಗರಿಯ ಚಪ್ಪರ ಇದ್ದ ಮನೆ ಆ ಬೀದಿಗೆಲ್ಲ ಅದೊಂದೇ. ಈ ವರ್ಷ ಶಿವರಾತ್ರಿ ಕಳೆದ ಸ್ವಲ್ಪ ದಿನಕ್ಕೆ ದಾಕ್ಷಾಯಣಮ್ಮ ತೀರಿಹೋದರು. ಅವರ ಬಗ್ಗೆ ಏನು ಹೇಳಬೇಕಾದರೂ ಆ ಚಪ್ಪರದ ಕೆಳಗಿನಿಂದಲೇ ಶುರು ಮಾಡಬೇಕು.

ಅವರ ಯಜಮಾನರು ಗುರುಮಲ್ಲಪ್ಪ ಊರೊಳಗಿನ ಬಸ್ಸಿನ ಡ್ರೈವರಾಗಿದ್ದವರು. ತೊಂಬತ್ತೇಳರ ದೀಪಾವಳಿಯ ಹೊತ್ತಿಗೆ ಅವರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಚಳಿಗಾಲ ಹೇಗೋ ಕಳೆಯಿತು. ಶಿವರಾತ್ರಿ ಮುಗಿದು ಬಿಸಿಲು ಏರಿದಾಗ ಅವರು ಮಲಗಿದ್ದ ಕೋಣೆ ಒಲೆಯಂತೆ ಕಾಯತೊಡಗಿತು. ಮೊದಲು ಅದು ಹೆಂಚಿನ ಮನೆ. ಗುರುಮಲ್ಲಪ್ಪನವರೇ ಸರ್ವೀಸಿನಲ್ಲಿದ್ದಾಗ ಹೆಂಚು ಇಳಿಸಿ ಸಿಮೆಂಟಿನ ಮೋಲ್ಡ್ ಹಾಕಿಸಿದ್ದರು. ಖರ್ಚು ಉಳಿಯಲಿ ಅಂತ ಗೋಡೆ ಎತ್ತರಿಸಿರಲಿಲ್ಲ. ಮಂಚದ ಮೇಲೆ ನಿಂತರೆ ಸೂರು ಕೈಗೆ ಸಿಗುತ್ತಿತ್ತು.

"ಲೇ, ಇಂಜಿನ್ ಪಕ್ಕದಲ್ಲಿ ಕೂತು ಬಸ್ ಓಡಿಸ್ದೋನು ಕಣೇ ನಾನು. ಬಾನೆಟ್ ಮೇಲೆ ಕಾಫಿ ಲೋಟ ಇಟ್ರೆ ಆರ್ತಾ ಇರ್ಲಿಲ್ಲ. ಇದು ಅದಕ್ಕಿಂತ ಜಾಸ್ತಿ," ಅಂತ ಅವರು ತೊದಲುತ್ತಾ ಹೇಳುವರು.

"ಹೆಂಚು ಬೇಡ, ಮೋಲ್ಡೇ ಆಗ್ಬೇಕು ಅಂತ ಕುಣಿದೋರು ಯಾರು?"

"ನಾನೇ. ಅದ್ಕೇ ಈಗ ಬೇಯ್ತಾ ಇರೋನೂ ನಾನೇ."

ನಕ್ಕು ಮುಗಿಸುವ ವಿಷಯ ಅದಾಗಿರಲಿಲ್ಲ. ಬೆವರಿಗೆ ಬೆನ್ನು ಹುಣ್ಣಾಗತೊಡಗಿತ್ತು. ನೋಡಲು ಬಂದ ಅಣ್ಣ ಮಹದೇವಪ್ಪ ತಮ್ಮನನ್ನು ಮಗ್ಗುಲಿಗೆ ಹೊರಳಿಸಿ ಬೆನ್ನು ನೋಡಿದರು. ಹೊರಗೆ ಬಂದು ಜಗಲಿಯ ಮೇಲೆ ಕೂತು ಹೇಳಿದರು: "ಯುಗಾದಿ ಕಳೀಲಿ ಕಣಮ್ಮ, ವ್ಯಾನ್ ತಗೊಂಡ್ಬತ್ತೀನಿ. ಇಲವಾಲದಲ್ಲಿ ನಮ್ದು ಹೆಂಚಿನ ಮನೆ, ಹಿಂದ್ಗಡೆ ಹೊಂಗೆ ಮರ. ಅಲ್ಲಿ ಮಲಗಿರ್ಲಿ. ಇಲ್ಲಿಟ್ಕೊಂಡು ಅವನ್ನ ಬೇಯಿಸ್ಬೇಡ."

ಭಾವನವರ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ದಾಕ್ಷಾಯಣಮ್ಮನಿಗೆ ಕಷ್ಟವಾದದ್ದು. ಜಗಳಕ್ಕೆ ಬಂದಿದ್ದರೆ ಜಗಳ ಆಡಬಹುದಿತ್ತು, ಅವರು ಪ್ರೀತಿಯಿಂದ ಬಂದಿದ್ದರು. ಆದರೆ ಹಪ್ಪಳದ ಕೆಲಸ ಇರುವುದು ಇಲ್ಲಿ, ಮಗ ಶಿವಕುಮಾರನ ಪ್ರೆಸ್ಸಿನ ಕೆಲಸ ಇರುವುದು ಇಲ್ಲಿ. ತಾವು ಹೋಗುವ ಹಾಗಿಲ್ಲ. ಹೀಗೆ ಒಂದು ಸಲ ಹೊರಟವರು ವಾಪಸು ಬರುವುದು ಕಡಿಮೆ ಅನ್ನುವುದೂ ಅವರಿಗೆ ಗೊತ್ತಿತ್ತು.

ಗುರುಮಲ್ಲಪ್ಪನವರು ಅಣ್ಣನಿಗೆ ಎದುರಾಡಲಿಲ್ಲ. ಆಮೇಲೆ, ರಸ್ತೆಯಲ್ಲಿ ಬಸ್ಸೊಂದು ಹೋದಾಗ, "ಅಶ್ವತ್ಥ ಕಣೇ ಅದು. ಸೆಕೆಂಡ್ ಗೇರ್‌ಗೆ ಹಿಂಗೆ ಕಿರುಗುಟ್ಟಿಸೋನು ಅವನೊಬ್ನೇ. ಎಷ್ಟು ಹೇಳಿಕೊಟ್ರೂ ಬುದ್ಧಿ ಬರ್ಲಿಲ್ಲ," ಅಂದರು. ಮಲಗಿದಲ್ಲಿಂದಲೇ ಬಸ್ಸಿನ ಸದ್ದಿನಲ್ಲಿ ಡ್ರೈವರುಗಳನ್ನು ಗುರುತಿಸುವುದು ಅವರ ಆಗಿನ ಕೆಲಸ. ಸ್ವಲ್ಪ ಹೊತ್ತು ಬಿಟ್ಟು, "ಇಲವಾಲದ ಮನೆ ರಸ್ತೆಯಿಂದ ಬಲೇ ಒಳಗೈತೆ," ಅಂದರು. ಅಷ್ಟೇ. ದಾಕ್ಷಾಯಣಮ್ಮನಿಗೆ ಅಷ್ಟು ಸಾಕಾಯಿತು.

ಯುಗಾದಿಯೊಳಗೆ ಆ ಕೋಣೆ ತಂಪಾಗಬೇಕಿತ್ತು. ಪಕ್ಕದ ಮನೆಯ ಕಮಲ ಮೇಡಂ ಹೈಸ್ಕೂಲಿನಲ್ಲಿ ಪಾಠ ಹೇಳುವವರು. ಅವರನ್ನು ಕರೆದುಕೊಂಡು ಅರಸು ರಸ್ತೆಯ ಅಂಗಡಿಗೆ ಏಸಿ ನೋಡಲು ಹೋದರು. ಅಂಗಡಿಯವನು ಮಜ್ಜಿಗೆ ಕೊಟ್ಟು ಉಪಚಾರ ಮಾಡಿ, ಮನೆ ಯಾವ ಕಡೆ, ಸಂಜೆ ಲೈಟು ಹೇಗಿರುತ್ತೆ ಅಂತ ಕೇಳಿದ. ಸಂಜೆಯಾದರೆ ನಮ್ಮ ಬಲ್ಬು ಹುಣಸೆಹಣ್ಣಿನ ಬಣ್ಣಕ್ಕೆ ತಿರುಗುತ್ತದೆ ಅಂದರು ದಾಕ್ಷಾಯಣಮ್ಮ. ಹಾಗಾದರೆ ಸ್ಟೆಬಿಲೈಸರ್ ಬೇಕು, ವೈರಿಂಗ್ ಬೇರೆ ಮಾಡಿಸಬೇಕು, ಕಿಟಕಿ ಒಡೆಸಬೇಕು ಅಂತ ಅವನು ಹೇಳುತ್ತಾ ಹೋದ. ಕರೆಂಟು ಎಷ್ಟು ಎಳೆಯುತ್ತದೆ ಅಂತ ಕಮಲ ಕೇಳಿದ್ದಕ್ಕೆ ಪಾಪ, ಸುಳ್ಳು ಹೇಳಲಿಲ್ಲ.

ಹೊರಗೆ ಬಂದು ಬಿಸಿಲಲ್ಲಿ ನಿಂತು ದಾಕ್ಷಾಯಣಮ್ಮ ಅಂದರು: "ಈ ಮಿಷನ್ನು ಮನೆಗೆ ತಂದ್ರೆ ಅದನ್ನ ಸಾಕೋಕೆ ಇನ್ನೊಂದು ಸಂಸಾರ ಹೂಡ್ಬೇಕು ಕಮಲಮ್ಮ."

ಶಿವಕುಮಾರ ತನ್ನ ಪ್ರೆಸ್ಸಿನ ಮಾಲೀಕರ ಮನೆಯಲ್ಲಿ ಬಿದ್ದಿದ್ದ ಹಳೆಯ ಕೂಲರೊಂದನ್ನು ಆಟೋದಲ್ಲಿ ಹೇರಿಕೊಂಡು ಬಂದ. ನೀರು ತುಂಬಿಸಿ ಹಾಕಿದರೆ ಮಳೆ ಬರುವ ಮೊದಲಿನ ಗಾಳಿ ಬಂದಂತೆ ಬಂತು. ಗುರುಮಲ್ಲಪ್ಪ ಕಣ್ಣು ಮುಚ್ಚಿಕೊಂಡು, "ಶಿವ ಶಿವಾ, ಚಾಮುಂಡಿಬೆಟ್ಟದ ಮೇಲೆ ಮಲಗ್ದಂಗದೆ," ಅಂದರು. ತಂಪು ಹೊರಗೆ ಹೋದೀತು ಅಂತ ಎಲ್ಲರೂ ಸೇರಿ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿದರು.

ಆ ಕೋಣೆಯಲ್ಲಿ ಗುರುಮಲ್ಲಪ್ಪ ಒಬ್ಬರೇ ಇರಲಿಲ್ಲ ಅನ್ನುವುದನ್ನು ಮಾತ್ರ ಯಾರೂ ನೆನೆಯಲಿಲ್ಲ. ಸಂಡಿಗೆಗೆ ಸುಡುವ ಬಿಸಿಲು ಬೇಕು, ಅದು ತಾರಸಿಯ ಮೇಲೆ. ಉದ್ದಿನ ಹಪ್ಪಳ ಬಿಸಿಲಿಗಿಟ್ಟರೆ ಸೆಟೆದು ಒಡೆಯುತ್ತದೆ, ಅದು ಒಣಗಬೇಕಾದ್ದು ನೆರಳಲ್ಲಿ. ಮನೆಯಲ್ಲಿ ದೊಡ್ಡ ಕೋಣೆ ಅದೊಂದೇ ಆದ್ದರಿಂದ ಹಪ್ಪಳವೆಲ್ಲ ಅಲ್ಲೇ, ಮಂಚದ ಸುತ್ತ ಚಾಪೆಯ ಮೇಲೆ ಹರಡಿರುತ್ತಿತ್ತು. ಅಗ್ರಹಾರದ ಒಂದು ಮದುವೆ ಮನೆಗೆ ಒಪ್ಪಿಕೊಂಡ ಹಪ್ಪಳ ಅದು. ಕೂಲರಿನ ತೇವಕ್ಕೆ ಅಷ್ಟೂ ಮೆತ್ತಗಾಗಿ, ಅಂಚಿನಲ್ಲಿ ಬೂಷ್ಟು ಹಿಡಿಯಿತು. ಮುಚ್ಚಿದ ಕೋಣೆಯ ತಂಡಿಗೆ ಗುರುಮಲ್ಲಪ್ಪನವರಿಗೂ ಕೆಮ್ಮು ಹಿಡಿಯಿತು.

ದಾಕ್ಷಾಯಣಮ್ಮ ಒಂದು ಹಪ್ಪಳ ಎತ್ತಿದರು. ಅದು ಚಪಾತಿಯಂತೆ ಕೈಮೇಲೆ ಜೋತುಬಿತ್ತು.

"ನಾನು ಬದುಕ್ಕೊಂಡೆ, ಹಪ್ಪಳ ಸತ್ತೋಯ್ತು," ಅಂದರು ಗುರುಮಲ್ಲಪ್ಪ, ಕೆಮ್ಮಿನ ನಡುವೆ.

ದಾಕ್ಷಾಯಣಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆ ಅಂದುಕೊಂಡು ಶಿವಕುಮಾರ ಹತ್ತಿರ ಬಂದ. ನೋಡಿದರೆ ನಗುತ್ತಿದ್ದರು. ಅಳುತ್ತಲೂ ಇದ್ದರು.

ಕೂಲರು ಬಂದ ದಾರಿಯಲ್ಲೇ ವಾಪಸು ಹೋಯಿತು. ಬೂಷ್ಟು ಬಂದದ್ದನ್ನು ಹಸುವಿಗೆ ತೆಗೆದಿಟ್ಟು, ಬರೀ ಮೆತ್ತಗಾದದ್ದಕ್ಕೆ ಮೊರದಲ್ಲಿ ಒಂದಿಷ್ಟು ಬಿಸಿಲು ತೋರಿಸೋಣ ಅಂತ ದಾಕ್ಷಾಯಣಮ್ಮ ಮಟಮಟ ಮಧ್ಯಾಹ್ನ ತಾರಸಿ ಹತ್ತಿದರು. ಬರಿಗಾಲು ಚುರುಗುಟ್ಟಿತು. ಸಂಡಿಗೆ ಹರಡಲು ಹಾಕಿದ್ದ ಹಳೆಯ ಹಲಗೆ ಮಂಚದ ಕೆಳಗೆ ಬೀದಿಯ ಬೆಕ್ಕು ನಾಲ್ಕೂ ಕಾಲು ಚಾಚಿ ಮಲಗಿತ್ತು. ಇಂಥ ಕಾದ ನೆಲದ ಮೇಲೆ ಅದು ಹೇಗೆ ಮಲಗೀತು ಅಂತ ಅವರು ಬಗ್ಗಿ ಮಂಚದ ಕೆಳಗೆ ಅಂಗೈ ಇಟ್ಟರು. ತಣ್ಣಗಿತ್ತು. ಒಂದು ಮೊಳ ಈಚೆಗಿಟ್ಟರೆ ಕೆಂಡ.

ಮೊರ ಅಲ್ಲೇ ಬಿಟ್ಟು ಕೆಳಗಿಳಿದು ಬಂದು, ಯಜಮಾನರ ಮಂಚದ ಅಂಚಿಗೆ ಹತ್ತಿ ನಿಂತು ಸೂರು ಮುಟ್ಟಿದರು. ಕಾದ ಕಾವಲಿ. ತಾರಸಿಯ ಹಲಗೆ ಮಂಚ ಇದ್ದದ್ದು ಈ ಕೋಣೆಯ ಬಾಗಿಲಿನ ನೇರಕ್ಕೆ, ಮೇಲೆ. ಸ್ಟೂಲು ಎಳೆದುಕೊಂಡು ಅಲ್ಲಿ ಮುಟ್ಟಿದರು. ಅಷ್ಟು ಜಾಗ ಮಾತ್ರ ಕೈ ಇಡಬಹುದಾದಷ್ಟು ತಂಪು.

"ಏನೇ, ಮಂಗನ ಥರಾ ಹತ್ತಿಳೀತಾ ಇದ್ದೀಯ?"

"ಸುಮ್ನಿರಿ ಒಂದ್ನಿಮ್ಷ."

ಸಂಜೆ ಸ್ಕೂಲಿನಿಂದ ಬಂದ ಕಮಲ ಮೇಡಂ ಕೈಚೀಲ ಇಳಿಸುವ ಮೊದಲೇ ಅವರನ್ನು ಜಗಲಿಯಲ್ಲಿ ಕೂರಿಸಿಕೊಂಡರು. "ಒಳಗೆ ಬಂದಿರೋ ಬಿಸಿಲನ್ನ ಓಡಿಸೋಕೆ ಮಿಷನ್ನು ಹುಡುಕ್ತಾ ಇದೀವಲ್ಲ ಕಮಲಮ್ಮ, ಅದು ಬರೋ ಬಾಗಿಲನ್ನೇ ಮುಚ್ಚುದ್ರೆ?"

ಕಮಲ ಎಲ್ಲ ಕೇಳಿ ಎದ್ದುಹೋಗಿ ತಾರಸಿಯ ಮೇಲೆ ತಾವೂ ಅಂಗೈ ಇಟ್ಟು ನೋಡಿ ಬಂದರು. "ತಾರಸಿಗೆ ನೆರಳೂ ಮಾಡಿ, ನೆಲಕ್ಕೆ ಸುಣ್ಣಾನೂ ಬಳೀರಿ ದಾಕ್ಷಾಯಣಮ್ಮ. ಬಿಳಿ ಬಣ್ಣ ಬಿಸಿಲನ್ನ ತಿರುಗಿಸಿ ಕಳಿಸುತ್ತೆ," ಅಂದರು.

ಮದುವೆ ಚಪ್ಪರ ಹಾಕುವ ಸಿದ್ದಮಲ್ಲಪ್ಪ ಅದೇ ಬೀದಿಯ ಕೊನೆಯಲ್ಲಿದ್ದ. ಮದುವೆ ಮುಗಿದ ಮನೆಗಳಿಂದ ಇಳಿಸಿದ ಗರಿ ಅವನ ಹಿತ್ತಲಲ್ಲಿ ರಾಶಿ ಬಿದ್ದಿರುತ್ತಿತ್ತು. ಗರಿ, ಬೊಂಬು ಬೇಕು ಅಂದದ್ದಕ್ಕೆ ಅವನು ಹಲ್ಲು ಬಿಟ್ಟ.

"ಶಿವಕುಮಾರನ ಮದ್ವೇನಾ ಅವ್ವಾ? ಯೋಳ್ನೇ ಇಲ್ಲ!"

"ಅವನದ್ದಲ್ಲಪ್ಪ. ನಮ್ಮೆಜಮಾನ್ರದು."

"ಆಂ?"

"ನನ್ನ ಜೊತೇಲೇ ಕಣಪ್ಪ. ಮದ್ವೆ ಹಳೇದು, ಚಪ್ಪರ ಹೊಸದು."

ಸಿದ್ದಮಲ್ಲಪ್ಪ ಬಿದ್ದು ಬಿದ್ದು ನಕ್ಕ. ವಿಷಯ ಗೊತ್ತಾದ ಮೇಲೆ ನಗು ನಿಲ್ಲಿಸಿ ತಾನೇ ಬಂದು ನಿಂತು ಕಟ್ಟಿಕೊಟ್ಟ. ತಾರಸಿಯಲ್ಲಿ ಗುಂಡಿ ತೋಡುವ ಹಾಗಿಲ್ಲವಲ್ಲ, ಎಣ್ಣೆ ಡಬ್ಬಗಳಿಗೆ ಮರಳು ತುಂಬಿ ಅದರಲ್ಲಿ ಬೊಂಬು ನಿಲ್ಲಿಸಿದ. ಕೋಣೆಯ ಮೇಲಿನ ಅರ್ಧಕ್ಕೆ ಚಪ್ಪರ, ಸಂಡಿಗೆಗೆ ಬೇಕಾದ ಅರ್ಧಕ್ಕೆ ಬಯಲು. ಶಿವಕುಮಾರ ನೆಲಕ್ಕೆ ಸುಣ್ಣ ಬಳಿದ. ಬೀದಿಯವರೆಲ್ಲ ಕತ್ತೆತ್ತಿ, "ಮೇಲ್ಗಡೆ ಯಾರ್ ಮದ್ವೆ ಕಣ್ರೀ?" ಅಂತ ಕೇಳಿಕೊಂಡು ಹೋಗುವರು. ಗುರುಮಲ್ಲಪ್ಪ ಒಳಗಿನಿಂದಲೇ, "ನಂದೇ! ಊಟಕ್ಕೆ ಬನ್ನಿ!" ಅಂತ ತೊದಲಿ ಕೂಗುವರು.

ಹೊಸದಾಗಿ ಉದ್ದು ಬೀಸಿ, ಕಮಲ ಮೇಡಂ ರಜದ ದಿನ ಲಟ್ಟಣಿಗೆ ಹಿಡಿದು ಕೂತು, ಮದುವೆ ಮನೆಯ ಹಪ್ಪಳ ಮತ್ತೆ ತಯಾರಾಯಿತು. ಈ ಸಲ ಅದು ಒಣಗಿದ್ದು ಚಪ್ಪರದ ಕೆಳಗೆ, ನೆರಳಲ್ಲಿ, ಗಾಳಿಗೆ. ಕೋಣೆಯಲ್ಲಿ ಒಣಗುತ್ತಿದ್ದುದಕ್ಕಿಂತ ಬೇಗ ಒಣಗಿತು. ಚಾಪೆಗಳೆಲ್ಲ ಮೇಲೆ ಹೋದವು, ಕೋಣೆ ಖಾಲಿಯಾಯಿತು. ರಾತ್ರಿ ಕಿಟಕಿ ತೆಗೆದಿಟ್ಟು, ಬಿಸಿಲೇರುವ ಮುಂಚೆ ಮುಚ್ಚುವುದು ರೂಢಿಯಾಯಿತು. ಸೂರು ಕಾಯುವುದು ನಿಂತಿತು.

ಹಾಗಂತ ದಾಕ್ಷಾಯಣಮ್ಮನ ಭಯ ಹೋಗಿರಲಿಲ್ಲ. ತಮಗೆ ಆಸೆಯಿರುವುದರಿಂದ ತಂಪು ಅನ್ನಿಸುತ್ತಿದೆಯೋ, ನಿಜಕ್ಕೂ ತಂಪಾಗಿದೆಯೋ? ಯುಗಾದಿಯ ಮಾರನೆಯ ದಿನ ಮಹದೇವಪ್ಪ ವ್ಯಾನ್ ತಂದೇಬಿಟ್ಟರು. ಹಿಂದೆ ಹಾಸಿಗೆ ಹಾಸಿತ್ತು. ದಾಕ್ಷಾಯಣಮ್ಮ ಎದುರು ಮಾತಾಡದೆ ಯಜಮಾನರ ಪಂಚೆ, ಟವೆಲು, ವಿಭೂತಿ ಗಟ್ಟಿ ಎಲ್ಲ ಚೀಲಕ್ಕೆ ಹಾಕಿಟ್ಟರು. ಅಣ್ಣನಿಗೆ ಒಬ್ಬಟ್ಟು ಬಡಿಸಿದರು. ಗುರುಮಲ್ಲಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಬಸ್ಸು ಹೋದರೂ ಯಾರದೆಂದು ಹೇಳಲಿಲ್ಲ.

"ಬಿಸಿಲು ಸ್ವಲ್ಪ ಇಳೀಲಿ," ಅಂತ ಮಹದೇವಪ್ಪ ತಮ್ಮನ ಮಂಚದ ಪಕ್ಕ ಬರೀ ಚಾಪೆಯ ಮೇಲೆ ಅಡ್ಡಾದರು. ಒಬ್ಬಟ್ಟಿನ ಊಟ, ಗೊರಕೆ ಬಂತು. ಹೊರಗೆ ವ್ಯಾನಿನವನು ಒಂದು ಸಲ ಹಾರನ್ ಹೊಡೆದು, ಸಾಕಾಗಿ ತಾನೂ ಮಲಗಿದ. ದಾಕ್ಷಾಯಣಮ್ಮ ಹೊಸ್ತಿಲಲ್ಲಿ ಚೀಲ ಹಿಡಿದು ಕೂತಿದ್ದರು. ಎಷ್ಟೋ ಹೊತ್ತಿನ ಮೇಲೆ ಮಹದೇವಪ್ಪ ನಿದ್ದೆಗಣ್ಣಲ್ಲೇ ಕಾಲು ಮುದುಡಿಕೊಂಡು, "ದಾಕ್ಷಾಯಣಮ್ಮ, ಹೊದಿಯೋಕೆ ಏನಾದ್ರೂ ಕೊಡವ್ವ, ಕಾಲು ತಣ್ಣಗಾಯ್ತದೆ," ಅಂದರು.

ಗೋಡೆಯ ಕಡೆಗಿದ್ದ ಮುಖ ಈ ಕಡೆ ತಿರುಗಿತು. "ಅಣ್ಣಾ, ಏನಂದೆ? ಇನ್ನೊಂದ್ಸಲ ಯೋಳು."

ಮಹದೇವಪ್ಪ ಕಣ್ಣು ಬಿಟ್ಟರು. ಸೂರು ನೋಡಿದರು, ತಮ್ಮನನ್ನು ನೋಡಿದರು, ಹೊಸ್ತಿಲಲ್ಲಿದ್ದ ಚೀಲ ನೋಡಿದರು. ಎದ್ದು ಮೆಟ್ಟಿಲು ಹತ್ತಿ ತಾರಸಿಗೆ ಹೋದರು. ಚಪ್ಪರದ ಗರಿ ಮುಟ್ಟಿ ನೋಡಿ ಇಳಿದು ಬಂದು ವ್ಯಾನಿನವನನ್ನು ಎಬ್ಬಿಸಿ, "ನೀನು ಹೊಂಟೋಗಪ್ಪ, ನಾನು ಬಸ್ಸಿಗೆ ಬತ್ತೀನಿ," ಅಂದರು. ದಾಕ್ಷಾಯಣಮ್ಮನ ಕಡೆ ತಿರುಗಿ, "ಆ ಗರಿ ಹಳೇದು ಕಣಮ್ಮ, ಮಳೆ ಬಿದ್ರೆ ಕೊಳೀತದೆ. ಬರೋ ವರ್ಷದಿಂದ ನಮ್ಮ ತೋಟದ್ದು ಕಳಿಸ್ತೀನಿ," ಅಂದರು.

ಹೋಗುವಾಗ ಚಳಿಗಾಲದ ಪ್ರಶ್ನೆಯೊಂದನ್ನು ಬಿಟ್ಟುಹೋದರು. ಬಿದ್ದ ಕೈಕಾಲಿಗೆ ಚಳಿ ಆಗದು. ಬಿಸಿನೀರಿನ ಸ್ನಾನವಾಗದೆ ಗುರುಮಲ್ಲಪ್ಪ ಲಿಂಗಪೂಜೆಗೆ ಕೂರರು, ಪೂಜೆಯಾಗದೆ ಬಾಯಿಗೆ ಏನೂ ಹಾಕರು. ಬೆಳಗಿನ ಹೊತ್ತು ಕರೆಂಟನ್ನು ನಂಬುವ ಹಾಗಿಲ್ಲ. ಆದರೆ ಬಿಸಿಲಿನ ಜೊತೆ ದಾಕ್ಷಾಯಣಮ್ಮನಿಗೆ ಈಗ ಸಲಿಗೆ ಬಂದಿತ್ತು. ತಾರಸಿಯ ಬಯಲು ಅರ್ಧದಲ್ಲಿ ಒಂದು ಡ್ರಮ್ಮಿಗೆ ಕಪ್ಪು ಬಣ್ಣ ಬಳಿಸಿ ನೀರು ತುಂಬಿಸಿಟ್ಟರು. ಹಗಲೆಲ್ಲ ಕಾಯಲು ಬಿಟ್ಟು, ಬಿಸಿಲು ಇಳಿಯುತ್ತಿದ್ದಂತೆ ದಪ್ಪ ಕಂಬಳಿ ಸುತ್ತಿ ಬಿಗಿಯಾಗಿ ಕಟ್ಟುವುದು. ಬೆಳಿಗ್ಗೆ ಆ ನೀರಿಗೆ ಒಲೆಯ ಮೇಲಿಂದ ಒಂದು ಪಾತ್ರೆ ಕುದಿನೀರು ಬೆರೆಸಿದರೆ ಸ್ನಾನಕ್ಕೆ ಹದ.

"ನನ್ನ ಕಂಬಳಿ ಡ್ರಮ್ಮಿಗೆ ಹೊದಿಸ್ಬುಟ್ಟಿದ್ದೀಯಲ್ಲೇ," ಅಂತ ಗುರುಮಲ್ಲಪ್ಪ ಗೊಣಗಿದರು.

"ಅದು ನಿಮ್ಮಷ್ಟು ಗೊಣಗಲ್ಲ ನೋಡಿ, ಅದ್ಕೇ."

ಸ್ನಾನವಾಗಿ ವಿಭೂತಿ ಹಚ್ಚಿಸಿಕೊಂಡು ಅವರು ಎಡ ಅಂಗೈಯಲ್ಲಿ ಲಿಂಗ ಹಿಡಿಯುವರು. ಬಲಗೈಯ ಕೆಲಸವೆಲ್ಲ ದಾಕ್ಷಾಯಣಮ್ಮನದು, ಹೂವು, ಪತ್ರೆ, ನೀರು. "ಶಿವ ಲೆಕ್ಕ ತಪ್ಪಲ್ಲ ಕಮಲಮ್ಮ, ಲಿಂಗ ಹಿಡಿಯೋ ಕೈ ಉಳಿಸ್ಕೊಟ್ಟ," ಅಂತ ದಾಕ್ಷಾಯಣಮ್ಮ ಅನ್ನುವರು. ಅವರ ಬಾಯಲ್ಲಿ ದೂರು ಬರುವುದು ಅಪರೂಪ. ಏನಾದರೂ ಹೇಳಿದರೆ ಉಳಿದದ್ದರ ಬಗ್ಗೆಯೇ ಹೇಳುವರು.

ಎರಡು ಸಾವಿರದ ಇಸವಿಯ ನಂತರ ಶಿವಕುಮಾರ ಡ್ರಮ್ಮು ತೆಗೆದು ಸೋಲಾರ್ ಹಾಕಿಸಿದ. ಚಪ್ಪರ ಮಾತ್ರ ತೆಗೆಯಲಿಲ್ಲ. ಪ್ರತಿ ವರ್ಷ ಯುಗಾದಿಗೆ ಮುಂಚೆ ಇಲವಾಲದಿಂದ ಗರಿ ಬರುತ್ತಿತ್ತು. ಗುರುಮಲ್ಲಪ್ಪ ಎರಡು ಸಾವಿರದ ನಾಲ್ಕರ ಬೇಸಿಗೆಯ ಒಂದು ಮಧ್ಯಾಹ್ನ, ಅದೇ ಮಂಚದ ಮೇಲೆ, ನಿದ್ದೆಯಲ್ಲೇ ಹೋದರು. ಹೆಂಡತಿ ಪಕ್ಕದಲ್ಲಿದ್ದರು. ಹೊರಗೆ ಬಸ್ಸುಗಳು ಓಡಾಡುತ್ತಿದ್ದವು. ಆ ಏಳು ಬೇಸಿಗೆಗಳನ್ನು ನೆನೆದು ದಾಕ್ಷಾಯಣಮ್ಮ ಆಮೇಲೂ ಅನ್ನುತ್ತಿದ್ದರು, "ಅವ್ರು ನಂಗೆ ಪೂರಾ ಸಿಕ್ಕಿದ್ದೇ ಆವಾಗ ಕಮಲಮ್ಮ. ಅದ್ಕೆ ಮುಂಚೆ ಬಸ್ಸಿಗೇ ಜಾಸ್ತಿ ಸಿಕ್ಕಿದ್ರು."

ಈಗ ಅವರೂ ಇಲ್ಲ. ಹಪ್ಪಳದ ಮಣೆ ಗೋಡೆಗೆ ಒರಗಿಸಿದ ಹಾಗೇ ಇದೆ. ಅವರ ಗಣಾರಾಧನೆಯ ದಿನ ಮಹದೇವಪ್ಪ ಬಂದಿದ್ದರು, ಬೆನ್ನು ಬಾಗಿ ಕೋಲು ಹಿಡಿದಿದ್ದರು. ಹಸಿ ಗರಿಯ ಹೊರೆಯೂ ಜೊತೆಗೇ ಬಂದಿತ್ತು. ಶಿವಕುಮಾರ ಕೇಳದೆ ಇದ್ದರೂ ಬಂದಿತ್ತು. ಹಿಂದಿನ ದಿನವೇ ಕಳಿಸಿದ್ದ ಮೊದಲ ಹೊರೆಯನ್ನು ಅವನು ಆಗಲೇ ಮೇಲೆ ಕಟ್ಟಿಸಿದ್ದ. ಊಟವಾದ ಮೇಲೆ ಮುದುಕರು ಆ ಕೋಣೆಗೆ ಹೋಗಿ ಚಾಪೆಯ ಮೇಲೆ ಅಡ್ಡಾದರು. ನೆಂಟರ ಗಲಾಟೆಯ ನಡುವೆಯೂ ನಿದ್ದೆ ಬಂತು. ಕಮಲ ಬಾಗಿಲಲ್ಲಿ ನಿಂತು ನೋಡಿದರು. ಮಹದೇವಪ್ಪ ಹೊದೆಯಲು ಇನ್ನೂ ಕೇಳಿರಲಿಲ್ಲ, ಕಾಲು ಮಾತ್ರ ಮುದುಡಿಕೊಳ್ಳುತ್ತಿದ್ದರು. ಕಮಲ ಬೀರುವಿನಿಂದ ದಾಕ್ಷಾಯಣಮ್ಮನ ಹೊದಿಕೆ ತಂದು ಅವರಿಗೆ ಹೊದಿಸಿದರು.