ಒಗ್ಗರಣೆಯ ಮೇಲೊಂದು ದೂರು

ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್ ಊರಿನ ಅಪಾರ್ಟ್‌ಮೆಂಟಿಗೆ ಬಂದ ದಿನ ನಾನು ಮಾಡಿದ ಮೊದಲ ಕೆಲಸ ಗೋಡೆ ತಟ್ಟಿ ನೋಡಿದ್ದು. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದೆ. ಖಾಲಿ ಡಬ್ಬದ ಸದ್ದು ಬಂತು. ಇನ್ನೊಂದು ಗೋಡೆ ತಟ್ಟಿದೆ, ಅಲ್ಲೂ ಅದೇ. ಬಾಗಿಲಲ್ಲಿ ಪೆಟ್ಟಿಗೆ ಇಳಿಸುತ್ತಿದ್ದ ಗಂಡನನ್ನು ಕೂಗಿದೆ.

“ರೀ, ಇದು ಮನೆಯಲ್ಲ ಕಣ್ರೀ, ರಟ್ಟಿನ ಪೆಟ್ಟಿಗೆ. ಯಾರೋ ನಿಮಗೆ ಮೋಸ ಮಾಡವ್ರೆ.”

“ಇಲ್ಲಿ ಎಲ್ಲಾ ಮನೆನೂ ಹಿಂಗೇ,” ಎಂದರು ಗಂಗಾಧರ. “ಭೂಮಿ ಅಲ್ಲಾಡೋ ಊರು. ಮರದ ಮನೆಯಾದ್ರೆ ಬಳುಕಿ ನಿಲ್ತದೆ, ಕಲ್ಲಿಂದಾದ್ರೆ ತಲೆ ಮೇಲೆ ಬೀಳ್ತದೆ.”

ನಾನು ಗಾರೆ ಮೇಸ್ತ್ರಿಯ ಮಗಳು. ಹೊಳೆನರಸೀಪುರದಲ್ಲಿ ಅಪ್ಪ ಕಟ್ಟಿದ ಗೋಡೆ ತಟ್ಟಿದರೆ ನೋಯುತ್ತಿದ್ದುದು ತಟ್ಟಿದವರ ಬೆರಳು. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ಅಂಚಿನ ಮೇಲೆ ಕಾಲು ಮಡಚಿ ಕೂತು ನಾನು ಪರೀಕ್ಷೆಗೆಲ್ಲ ಓದಿದ್ದೇನೆ. ಇಲ್ಲಿ ಗೋಡೆಗೆ ಮೊಳೆ ಹೊಡೆದರೆ ಬೆಣ್ಣೆಗೆ ಹೊಡೆದಂತೆ ಒಳಗೆ ಹೋಯಿತು. ದೇವರ ಪಟವನ್ನು ಮೊಳೆಗೆ ನೇತುಹಾಕಲು ಧೈರ್ಯ ಸಾಲದೆ ನೆಲದ ಮೇಲೆ ಒರಗಿಸಿಟ್ಟೆ.

ಗೋಡೆಯನ್ನು ಅನುಮಾನಿಸಿದವಳು ಉಳಿದುದನ್ನು ಬಿಡುತ್ತೇನೆಯೇ? ಎದುರು ಸಿಕ್ಕವರೆಲ್ಲ ಹಲ್ಲು ಬಿಟ್ಟು ಹೇಗಿದ್ದೀರಿ ಎಂದು ಕೇಳುತ್ತಿದ್ದರು, ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ದಾಟಿ ಹೋಗಿರುತ್ತಿದ್ದರು. ಉತ್ತರ ಬೇಡದವರು ಕೇಳುವುದೇಕೆ? ಬೆಟ್ಟಗಳ ವಿಷಯದಲ್ಲೂ ನನಗೆ ಹಾಗೇ ಅನ್ನಿಸಿತು. ಬೇಸಿಗೆಯಲ್ಲಿ ಒಣಹುಲ್ಲು ಹೊದ್ದು ನಿಂತ ಗುಡ್ಡಗಳನ್ನು ಇಲ್ಲಿನವರು ಚಿನ್ನದ ಬೆಟ್ಟ ಎನ್ನುತ್ತಾರೆ. ನಮ್ಮ ಕಡೆ ಬೆಟ್ಟ ಆ ಬಣ್ಣಕ್ಕೆ ತಿರುಗಿದರೆ ದನಕ್ಕೆ ಮೇವಿಲ್ಲ ಎಂದು ಎದೆ ಒಡೆದುಕೊಳ್ಳುತ್ತೇವೆ. ಮಳೆ ಬರುವುದು ಇಲ್ಲಿ ಚಳಿಗಾಲಕ್ಕೆ. ಹೇಮಾವತಿ ಬಯಲಿನಲ್ಲಿ ಸಂಕ್ರಾಂತಿ ಹೊತ್ತಿಗೆ ಕುಯ್ಲು ಮುಗಿದು ಗದ್ದೆ ಬೋಳಾಗಿ ನಿಂತರೆ, ಇಲ್ಲಿ ಅದೇ ಸಂಕ್ರಾಂತಿಗೆ ಗುಡ್ಡವೆಲ್ಲ ಹಸಿರು. ಪಂಚಾಂಗವನ್ನೇ ತಲೆಕೆಳಗೆ ಮಾಡಿದ ಊರನ್ನು ನಂಬುವುದು ಹೇಗೆ?

ಗಂಗಾಧರ ಫಾಸ್ಟರ್ ಸಿಟಿಯ ಒಂದು ಪ್ರಯೋಗಾಲಯದಲ್ಲಿ ಔಷಧಿ ಪರೀಕ್ಷೆ ಮಾಡುವವರು. ಬೆಳಿಗ್ಗೆ ಏಳಕ್ಕೆ ಕಾರು ಹತ್ತಿ ಫ್ರೀವೇ ಸೇರಿದರೆ ಮನೆಗೆ ಬರುವುದು ಸಂಜೆಗೇ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಹಾಸನದ ಶಾಲೆಯಲ್ಲಿ ಆರು ವರ್ಷ ವಿಜ್ಞಾನ ಹೇಳಿಕೊಟ್ಟವಳು ಇಲ್ಲಿ ಅಡುಗೆಮನೆಯ ಕಿಟಕಿಯಲ್ಲಿ ನಿಂತೆ.

ಆ ಕಿಟಕಿಗೆ ಎದುರಾಗಿ, ಅಂಗಳದ ಆಚೆ, ಇನ್ನೊಂದು ಕಿಟಕಿ. ಅದರಲ್ಲಿ ಎರಡು ಜಡೆ ಹಾಕಿದ ನರೆಗೂದಲಿನ ಹೆಂಗಸು. ಹೆಸರು ಒಫೇಲಿಯಾ, ಮೆಕ್ಸಿಕೋದವಳು. ನಾನು ಒಲೆ ಹಚ್ಚಿದಾಗಲೆಲ್ಲ ಅವಳು ಕಿಟಕಿಗೆ ಬಂದು ಮೂಗು ಅರಳಿಸಿ ನಿಲ್ಲುತ್ತಿದ್ದಳು.

ಒಂದು ಶನಿವಾರ ಊರಿನಿಂದ ತಂದ ಸಾರಿನ ಪುಡಿ ಮುಗಿಯಿತು. ಬ್ಯಾಡಗಿ ಮೆಣಸಿನಕಾಯಿ ಹುರಿಯಲು ಕೂತೆ. ಒಲೆಯ ಮೇಲೆ ಫ್ಯಾನು ಇತ್ತು. ಅದು ಹೊಗೆಯನ್ನು ಹೀರಿ, ಹೊರಗೆ ಕಳಿಸದೆ, ವಾಪಸು ನನ್ನ ಮುಖಕ್ಕೇ ಉಗುಳುತ್ತಿತ್ತು. ಘಾಟು ಏರಿತು. ಹೊಗೆ ಕಂಡರೆ ಎಚ್ಚರಿಸಲು ಚಾವಣಿಯಲ್ಲಿಟ್ಟಿದ್ದ ಬಿಳಿ ಬಿಲ್ಲೆಯೊಂದು ಕಿರುಚತೊಡಗಿತು, ಆಮೇಲೆ ಇಡೀ ಕಟ್ಟಡವೇ ಕಿರುಚಿತು. ಎಲ್ಲರೂ ಅಂಗಳಕ್ಕೆ ಇಳಿದರು. ಬೆಂಕಿ ಆರಿಸುವವರ ಕೆಂಪು ಗಾಡಿ ಬಂತು. ಕೊಡಲಿ ಹಿಡಿದು ನಮ್ಮ ಮನೆಗೆ ನುಗ್ಗಿದ ಆಳೆತ್ತರದ ಮನುಷ್ಯ ಕೆಮ್ಮುತ್ತಾ, ಕಣ್ಣೊರೆಸಿಕೊಳ್ಳುತ್ತಾ ಹೊರಬಂದು, “ಬೆಂಕಿ ಇಲ್ಲ, ಮೆಣಸಿನಕಾಯಿ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ನಾಲ್ಕು ಜನ ನಕ್ಕರು. ಒಫೇಲಿಯಾ ನಗಲಿಲ್ಲ. ಶಾಲು ಹೊದ್ದು ನನ್ನನ್ನೇ ನೋಡುತ್ತಿದ್ದಳು.

ಸೋಮವಾರ ಬಾಗಿಲಿಗೆ ಕಾಗದ ಅಂಟಿಸಿತ್ತು. ತೀಕ್ಷ್ಣ ವಾಸನೆಯ ಬಗ್ಗೆ ನೆರೆಯವರು ದೂರು ಕೊಟ್ಟಿದ್ದಾರೆ ಎಂದು. ಎರಡು ವಾರಕ್ಕೆ ಇನ್ನೊಂದು ಬಂತು: ಮೂರನೆಯ ದೂರು ಬಂದರೆ ಬಾಡಿಗೆ ಕರಾರು ಮುಂದುವರಿಸುವುದಿಲ್ಲ. ಈ ಮನೆ ಸಿಗುವ ಮೊದಲು ಎರಡು ತಿಂಗಳು ಪರಿಚಯದವರ ಗ್ಯಾರೇಜಿನಲ್ಲಿ ಮಲಗಿದ್ದೆವು.

ಕೆಳಗಿನ ಮನೆಯಲ್ಲಿ ವೀಣಾ ಇದ್ದರು, ಬೆಂಗಳೂರಿನವರು. ಹನ್ನೆರಡು ವರ್ಷದಿಂದ ಇಲ್ಲಿರುವವರು. ನಾವು ಬಂದ ದಿನವೇ ಕನ್ನಡದಲ್ಲಿ ಮಾತಾಡಿಸಿ ಕಾಫಿ ಕೊಟ್ಟಿದ್ದರು. ಕಾಗದ ಹಿಡಿದು ಅವರಲ್ಲಿಗೆ ಓಡಿದೆ.

“ಆಪೋಸಿಟ್ ಇರೋ ಲೇಡೀನಾ? ಇರಬಹುದಪ್ಪ, ಯಾರಿಗೆ ಗೊತ್ತು,” ಎಂದರು ವೀಣಾ. “ನೇತ್ರಾ, ಸ್ವಲ್ಪ ದಿನ ಒಗ್ಗರಣೆ ಎಲ್ಲಾ ಅವಾಯ್ಡ್ ಮಾಡಿ. ನಾವೂ ಬಂದ ಹೊಸದ್ರಲ್ಲಿ ತುಂಬಾ ಅಡ್ಜಸ್ಟ್ ಮಾಡ್ಕೊಂಡ್ವಿ.”

ಆ ‘ಇರಬಹುದು’ ನನಗೆ ಸಾಕಾಯಿತು. ಒಗ್ಗರಣೆ ನಿಲ್ಲಿಸಿದೆ. ಹುರಿಯುವುದು ನಿಲ್ಲಿಸಿದೆ. ಬ್ರೆಡ್ಡು, ಮೊಸರನ್ನ, ಬೇಯಿಸಿದ ತರಕಾರಿ. ಗಂಡ ತಟ್ಟೆಯ ಮುಂದೆ ಕೂತು ಉಪ್ಪಿನಕಾಯಿ ಜಾಡಿಯ ಕಡೆ ಕೈ ಚಾಚುವುದನ್ನು ನೋಡಿ ಅಳು ಬರುತ್ತಿತ್ತು. ಉಳಿದ ಹೊತ್ತೆಲ್ಲ ಒಫೇಲಿಯಾಳನ್ನು ಕಾಯುತ್ತಿದ್ದೆ. ಎಷ್ಟು ಹೊತ್ತಿಗೆ ಕಿಟಕಿಗೆ ಬಂದಳು, ಎಷ್ಟು ಹೊತ್ತಿಗೆ ಹೊರಗೆ ಹೋದಳು ಎಲ್ಲ ಕ್ಯಾಲೆಂಡರಿನ ಮೇಲೆ ಬರೆದಿಡುತ್ತಿದ್ದೆ. ಕೆಲವು ಬೆಳಿಗ್ಗೆ ಅವಳು ನಮ್ಮ ಕಟ್ಟಡದ ಪಕ್ಕದಲ್ಲೇ, ಬೇಲಿಯ ಬುಡದಲ್ಲಿ ಬಾಗಿ ಏನನ್ನೋ ಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು. ನಮ್ಮ ಕಸ ಕೆದಕಿ ಸಾಕ್ಷಿ ಹುಡುಕುತ್ತಿದ್ದಾಳೆ ಎಂದುಕೊಂಡೆ.

“ಅವಳು ನಿನ್ನ ನೋಡ್ತಾಳೋ ಇಲ್ವೋ ನಂಗೊತ್ತಿಲ್ಲ,” ಎಂದರು ಗಂಗಾಧರ. “ನೀನಂತೂ ಬೆಳಗಿಂದ ಸಂಜೆಗಂಟ ಅವಳನ್ನೇ ನೋಡ್ತಿದೀಯ.”

ಮೂರನೆಯ ಕಾಗದ ಬಂದೇ ಬಂತು. ಮಂಗಳವಾರ ಮಧ್ಯಾಹ್ನ ವಾಸನೆ ಬಂದಿತ್ತಂತೆ. ಬಂದಿದ್ದು ನಿಜ, ಆವತ್ತು ಗಂಡನ ಹುಟ್ಟುಹಬ್ಬ, ತಡೆಯಲಾರದೆ ಒಂದೇ ಒಂದು ಚಮಚ ಇಂಗು-ಸಾಸಿವೆ ಒಗ್ಗರಣೆ ಕೊಟ್ಟಿದ್ದೆ. ಕ್ಯಾಲೆಂಡರ್ ನೋಡಿದೆ. ಮಂಗಳವಾರದ ಚೌಕದಲ್ಲಿ ನನ್ನದೇ ಅಕ್ಷರ: ‘ಒಂಬತ್ತಕ್ಕೆ ಹೋದಳು, ಆರಕ್ಕೆ ಬಂದಳು.’

ಮನೆಯಲ್ಲೇ ಇಲ್ಲದವಳಿಗೆ ವಾಸನೆ ಹೇಗೆ ಬಡಿಯಿತು?

ಕಾಗದ ಮತ್ತು ಕ್ಯಾಲೆಂಡರ್ ಎರಡನ್ನೂ ಹಿಡಿದು ಅಪಾರ್ಟ್‌ಮೆಂಟಿನ ಆಫೀಸಿಗೆ ಹೋದೆ. ಅಲ್ಲಿದ್ದ ಹುಡುಗಿ ದೂರು ಕೊಟ್ಟವರ ಹೆಸರು ಹೇಳುವಂತಿಲ್ಲ ಎಂದಳು. ಆಮೇಲೆ ನನ್ನ ಮುಖ ನೋಡಿ ಸಮಾಧಾನ ಹೇಳಲು ಹೋದಳು: “ಬೇಸರ ಮಾಡ್ಕೋಬೇಡಿ. ಹೊಗೆ ಮೇಲಕ್ಕೆ ಹೋಗುತ್ತೆ, ವಾಸನೆ ಕೆಳಗಿನ ಮನೆಗೆ ಇಳಿಯುತ್ತೆ. ಹಳೇ ಕಟ್ಟಡ ನೋಡಿ.”

ನಮ್ಮ ಕೆಳಗೆ ಇರುವುದು ಒಂದೇ ಮನೆ.

ವೀಣಾ ಬಾಗಿಲು ತೆರೆದವರು ನನ್ನ ಕೈಯಲ್ಲಿದ್ದ ಕಾಗದ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಬೈಯಬೇಕೆಂದು ಬಂದಿದ್ದೆ. ಬಾಯಿಗೆ ಬಂದದ್ದು ಬೇರೆ.

“ನಂಗೇ ಒಂದು ಮಾತು ಹೇಳಬೋದಿತ್ತಲ್ಲ ವೀಣಾ. ಕನ್ನಡದಲ್ಲೇ ಹೇಳಬೋದಿತ್ತು.”

“ಹೇಗೆ ಹೇಳಲಿ? ನಿಮ್ಮನೆ ವಾಸನೆ ಅಂತ ಹೇಗೆ ಹೇಳಲಿ?” ಎಂದರು ಅವರು. “ಇಲ್ಲಿ ಇರೋದು ಎರಡೇ ಇಂಡಿಯನ್ ಮನೆ. ಯಾರೇ ಅಡುಗೆ ಮಾಡಿದ್ರೂ ನನ್ನ ಕಡೆ ನೋಡ್ತಾರೆ. ಮಗಳಿಗೆ ಸ್ಕೂಲಲ್ಲಿ ನಿನ್ನ ಜಾಕೆಟ್ಟು ಕರಿ ಸ್ಮೆಲ್ಲು ಅಂದ್ರಂತೆ. ಅವಳು ಮೂರು ದಿನ ಜಾಕೆಟ್ಟೇ ಹಾಕ್ಲಿಲ್ಲ, ಚಳೀಲಿ ಹೋದ್ಲು. ಹನ್ನೆರಡು ವರ್ಷದಿಂದ ಕಿಟಕಿ ತೆಗೆದು, ಕ್ಯಾಂಡಲ್ ಹಚ್ಚಿ, ಭಯ ಪಟ್ಕೊಂಡು ಅಡುಗೆ ಮಾಡಿದೀನಿ ನೇತ್ರಾ. ನೀವು ಬಂದು ಮೂರೇ ತಿಂಗಳಿಗೆ ಅದೆಲ್ಲಾ...”

ಆ ಹೆಂಗಸಿನ ಮೇಲೆ ಸಿಟ್ಟು ಉಳಿಸಿಕೊಳ್ಳಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ. ಮಾರನೆಯ ವಾರ ಅವರು ಆಫೀಸಿಗೆ ಬರೆದು ದೂರು ಹಿಂತೆಗೆದುಕೊಂಡರು. ಕರಾರು ಮುಂದುವರಿಯಿತು.

ಅದಾದ ಎರಡು ದಿನಕ್ಕೆ ಒಫೇಲಿಯಾ ಮತ್ತೆ ಬೇಲಿಯ ಬುಡದಲ್ಲಿ ಬಾಗಿದ್ದಳು. ಈ ಸಲ ಇಳಿದು ಹೋದೆ. ಚೀಲದೊಳಗೆ ಇಣುಕಿದರೆ ಗೋಣಿ ಸೊಪ್ಪು! ಕೆಂಪು ದಂಟು, ದಪ್ಪ ಪುಟ್ಟ ಎಲೆ. ರಾಗಿ ಹೊಲದ ಬದುವಿನಲ್ಲಿ ಬೆರಕೆ ಸೊಪ್ಪಿನ ಜೊತೆ ಅಮ್ಮ ಕಿತ್ತು ಮಡಿಲಿಗೆ ಹಾಕಿಕೊಳ್ಳುತ್ತಿದ್ದ ಅದೇ ಸೊಪ್ಪು. “ವೆರ್ದೊಲಾಗಾಸ್,” ಎಂದಳು ಅವಳು. ತೋಟದವನು ಕಳೆ ಎಂದು ಔಷಧಿ ಹೊಡೆಯುವ ಮೊದಲು ಕಿತ್ತುಕೊಳ್ಳಬೇಕು ಎಂದು ಕೈಸನ್ನೆಯಲ್ಲಿ ತಿಳಿಸಿದಳು.

ನಮ್ಮಿಬ್ಬರ ಇಂಗ್ಲಿಷೂ ಹರಕು. ಆದರೂ ಕೇಳಿಯೇಬಿಟ್ಟೆ: ನನ್ನ ಕಿಟಕಿಯನ್ನು ಯಾಕೆ ನೋಡುತ್ತೀಯ?

“ನಿನ್ನ ಮೆಣಸಿನಕಾಯಿ,” ಎಂದಳು. “ನನ್ನ ಅಮ್ಮನ ಮನೆ ವಾಸನೆ. ನೀನು ನಿಲ್ಲಿಸಿಬಿಟ್ಟೆ. ಕಾಯಿಲೆಯೇನೋ ಅಂದುಕೊಂಡೆ.”

ಅವಳ ಮನೆಗೆ ಹೋದೆ. ಸೊಪ್ಪನ್ನು ಹಸಿರು ಟೊಮೇಟೊ ಜೊತೆ ಬೇಯಿಸಿದ್ದಳು. ಕೊಮಾಲ್ ಎಂಬ ಹೆಂಚಿನ ಮೇಲೆ ಮುಸುಕಿನ ಜೋಳದ ರೊಟ್ಟಿ ತಟ್ಟಿ ಹಾಕಿದಳು. ನನ್ನ ಬುದ್ಧಿ ಎಲ್ಲಿ ಹೋಗಬೇಕು, ಮೊದಲ ತುತ್ತನ್ನು ಮೂಸಿ ನೋಡಿಯೇ ಬಾಯಿಗಿಟ್ಟೆ. ಹುಳಿ ಮುಂದಾಗಿತ್ತು, ಬೆಳ್ಳುಳ್ಳಿ ಒಗ್ಗರಣೆ ಬಿದ್ದಿದ್ದರೆ ನಮ್ಮ ಮಸ್ಸೊಪ್ಪೇ.

ಊಟವಾದ ಮೇಲೆ ಅವಳ ಊರಿನ ಮನೆಯ ಫೋಟೊ ತೋರಿಸಿದಳು. ಮಣ್ಣಿಗೆ ಒಣಹುಲ್ಲು ತುಳಿದು ಬಿಸಿಲಲ್ಲಿ ಒಣಗಿಸಿದ ಇಟ್ಟಿಗೆಯ ಮನೆ, ಅಡೋಬೆ ಎನ್ನುತ್ತಾರಂತೆ. ಗೋಡೆಯ ದಪ್ಪ ಎಷ್ಟು ಎಂದು ಕೇಳಿದೆ. ಅವಳು ಎರಡೂ ಕೈ ಅಗಲಿಸಿದಳು. ಅಪ್ಪನ ಅಳತೆಗಿಂತ ಒಂದು ಗೇಣು ಹೆಚ್ಚೇ ಇತ್ತು. “ಈಗ ಇಲ್ಲ,” ಎಂದಳು. “ತಮ್ಮ ಕೆಡವಿಸಿದ. ಕ್ಯಾಲಿಫೋರ್ನಿಯಾ ಮನೆಯ ಹಾಗೆ ಕಟ್ಟಿಸಿದ್ದಾನೆ. ಗ್ಯಾರೇಜು ಇದೆ, ಕಾರಿಲ್ಲ.”

ಇಬ್ಬರೂ ನಕ್ಕೆವು. ನನ್ನ ನಗು ಬೇಗ ನಿಂತುಹೋಯಿತು. ಹೊಳೆನರಸೀಪುರದ ನಮ್ಮ ಬೀದಿಯಲ್ಲೂ ಅಂಥವು ಎರಡು ಎದ್ದಿವೆ. ಅದರಲ್ಲೊಂದನ್ನು ಕಟ್ಟಿದವನು ನನ್ನ ಅಪ್ಪನೇ.

ಇದು ಈಗಿನ ಸ್ಥಿತಿ: ಮಾತು ಅರ್ಧವೂ ತಿಳಿಯದ ಮನೆಯಲ್ಲಿ ನಿರಾಳವಾಗಿ ಕೂರುತ್ತೇನೆ. ವೀಣಾ ಸಿಕ್ಕರೆ ಸೊಗಸಾದ ಕನ್ನಡದಲ್ಲಿ ಇಬ್ಬರೂ ಕ್ಷೇಮ ಕೇಳುತ್ತೇವೆ, ಉತ್ತರಕ್ಕೆ ಕಾಯದೆ ದಾಟಿ ಹೋಗುತ್ತೇವೆ. ಕನ್ನಡ ಕಿವಿಗೆ ಬಿದ್ದರೆ ಮೊದಲು ಜೀವ ಹಿಗ್ಗುತ್ತದೆ, ಹಿಂದೆಯೇ ಒಳಗೊಂದು ಚಿಲಕ ಬೀಳುತ್ತದೆ.

ಕಳೆದ ಭಾನುವಾರ ಸ್ಯಾನ್ ಹೊಸೆಯ ಇಂಡಿಯನ್ ಗ್ರೋಸರಿಯಲ್ಲಿ ಹೊಸದಾಗಿ ಬಂದ ಹೆಣ್ಣುಮಗಳೊಬ್ಬಳು ಹೆಪ್ಪುಗಟ್ಟಿದ ಅವರೆಕಾಳಿನ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. “ಇದ್ರಾಗೆ ಸೊಗಡು ಎಲ್ಲಿರ್ತದೆ? ಸುಳ್ಳು ಇದು,” ಎಂದು ಗಂಡನಿಗೆ ಹೇಳುತ್ತಿದ್ದಳು. ನಮ್ಮ ಹಾಸನದ ಕಡೆಯದೇ ಮಾತು. ನಾನು ಅಕ್ಕಿಮೂಟೆಗಳ ಹಿಂದೆ ಸ್ವಲ್ಪ ಹೊತ್ತು ನಿಂತೆ. ಹೋಗಿಬಿಡಬಹುದಿತ್ತು.

“ಸೊಗಡು ಇರಲ್ಲ,” ಎಂದೆ. “ಆದ್ರೂ ತಗೊಳ್ಳಿ. ನಾಲ್ಕು ತಿಂಗಳಾದ್ಮೇಲೆ ಇದೇ ರುಚಿ ಅನ್ನಿಸ್ತದೆ.”

ಅವಳು ಬೆಚ್ಚಿ ತಿರುಗಿದಳು. ಸಾಮಾನಿನ ತಳ್ಳುಗಾಡಿಯನ್ನು ತುಸು ತನ್ನ ಕಡೆ ಎಳೆದುಕೊಂಡು ನನ್ನನ್ನು ಮೇಲಿಂದ ಕೆಳಗೆ ಅಳೆದಳು.

“ಯಾವೂರು ನಿಮ್ದು?”

“ಕ್ಯಾಂಪ್‌ಬೆಲ್,” ಎಂದುಬಿಟ್ಟೆ.

“ಅದಲ್ಲ,” ಎಂದಳು ಅವಳು, ಇನ್ನಷ್ಟು ಅನುಮಾನದಿಂದ. “ಊರು?”